ಎಂಟರಲ್ಲಿ ಮೂರು

ಜನವರಿ 11

ಅಪ್ಪನಿಗೆ,

ಫೋನ್ ಮಾಡಿದರೆ ನೀವು ಕೇಳಿಸದೆ ಕೂಗುತ್ತೀರಿ, ಬೀದಿಗೆಲ್ಲ ನಮ್ಮ ಮನೆ ವಿಷಯ ಗೊತ್ತಾಗುತ್ತದೆ ಅಂತ ಅತ್ತಿಗೆಯ ದೂರು. ಅದಕ್ಕೇ ಈ ಕಾಗದ. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ. ಕನ್ನಡಕ ಹುಡುಕಬೇಡಿ, ತಲೆಯ ಮೇಲೆಯೇ ಇರುತ್ತದೆ.

ಒಂದು ಸಣ್ಣ ಕೆಲಸವಿದೆ. ಒಂಬತ್ತನೇ ತರಗತಿಯ ಇತಿಹಾಸ ಪುಸ್ತಕವನ್ನು ಪರಿಷ್ಕರಿಸುತ್ತಿದ್ದೇವೆ. ಹದಿನೈದು ವರ್ಷದ ಹಿಂದೆ ಅದರಲ್ಲಿ ನಮ್ಮ ಗಡಿ ಯುದ್ಧದ ಪಾಠ ಬರೆದವಳು ನಾನೇ, ಈಗ ತಿದ್ದುವ ಕೆಲಸವೂ ನನ್ನದೇ. ಸಮಿತಿಗೆ ಹೊಸ ಅಧ್ಯಕ್ಷರು ಬಂದಿದ್ದಾರೆ. ಪ್ರತಿ ಅಂಕಿಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ 'ಆಧಾರ?' ಅಂತ ಬರೆದು ವಾಪಸ್ಸು ಕಳಿಸುತ್ತಾರೆ. ನನ್ನ ಪಾಠಕ್ಕೆ ಅಂಥ ಹನ್ನೊಂದು ಗುರುತು. ಹತ್ತಕ್ಕೆ ಆಧಾರ ಸಿಕ್ಕಿತು. ಉಳಿದದ್ದು ಈ ವಾಕ್ಯ:

'ಅಣುಬಾಂಬನ್ನು ಬಳಸದೆ ಹೋಗಿದ್ದರೆ ಯುದ್ಧ ಮುಂದುವರಿದು ಇನ್ನೂ ಎರಡು ಲಕ್ಷ ಜನ ಸಾಯುತ್ತಿದ್ದರು.'

ಎರಡು ಲಕ್ಷ ಎಲ್ಲಿಂದ ಬಂತು ಅಂತ ಮೂರು ದಿನ ಗ್ರಂಥಾಲಯದಲ್ಲಿ ಧೂಳು ಕುಡಿದೆ. ಎಲ್ಲೂ ಇಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಅದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಊಟಕ್ಕೆ ಕೂತಾಗ ನೀವು ಹೇಳುತ್ತಿದ್ದದ್ದು ಅದು. ಯಾರಾದರೂ ನೆಂಟರು ಬಾಂಬಿನ ಮಾತು ಎತ್ತಿದರೆ ಸಾಕು, "ಇಲ್ಲಾಂದಿದ್ರೆ ಎರಡು ಲಕ್ಷ ಹೆಣ ಬೀಳ್ತಿತ್ತು ಸ್ವಾಮಿ" ಅಂದು, ಅಣ್ಣನ ತಟ್ಟೆಗೆ ಅವನು ಬೇಡ ಅಂದರೂ ಇನ್ನೊಂದು ಸೌಟು ಬಡಿಸುತ್ತಿದ್ದಿರಿ.

ನೀವು ಹವಾಮಾನ ಇಲಾಖೆಯವರು. ಯುದ್ಧದ ಕಾಲದಲ್ಲಿ ಗಡಿಯ ಗುಡ್ಡದ ಮೇಲಿನ ಕೇಂದ್ರದಲ್ಲಿ ಇದ್ದವರು. ಯಾವುದೋ ಸರ್ಕಾರಿ ಕಾಗದ ನೋಡಿಯೇ ಹೇಳುತ್ತೀರಿ ಅಂದುಕೊಂಡು ಪಾಠದಲ್ಲಿ ಬರೆದುಬಿಟ್ಟಿದ್ದೆ. ಯಾವ ಕಾಗದ ಅಂತ ನೆನಪಿದ್ದರೆ ಒಂದು ಸಾಲು ಬರೆಯಿರಿ, ಹುಡುಕಿಕೊಳ್ಳುತ್ತೇನೆ.

ನಿಮ್ಮ
ತಗಾದೆ
(ನಲವತ್ತೈದಾಯಿತು. ಇನ್ನು ಈ ಅಡ್ಡಹೆಸರು ಬಿಡುವ ಹಾಗೆ ಕಾಣುವುದಿಲ್ಲ.)


ಜನವರಿ 24

ತಗಾದೆಗೆ,

ಕಾಗದ ಬಂತು. ಕನ್ನಡಕ ತಲೆಯ ಮೇಲೆ ಇರಲಿಲ್ಲ, ಜೇಬಿನಲ್ಲಿತ್ತು. ನಿನ್ನ ಮುನ್ಸೂಚನೆ ತಪ್ಪು.

ಇಲ್ಲಿ ಬೆಳಿಗ್ಗೆ ಎಂಟರವರೆಗೆ ಮಂಜು, ಮಧ್ಯಾಹ್ನ ತಿಳಿ ಆಕಾಶ. ನಿನ್ನಣ್ಣ ಬೆನ್ನು ಹಿಡಿದುಕೊಂಡಿದೆ ಅಂತ ಎರಡು ದಿನ ಪಂಪ್ ರಿಪೇರಿ ಅಂಗಡಿ ತೆರೆಯಲಿಲ್ಲ. ಅವನ ಮಗಳು ಬರುವ ವರ್ಷ ಒಂಬತ್ತಕ್ಕೆ. "ಅತ್ತೆ ಬರೆದ ಪುಸ್ತಕ ಓದ್ಬೇಕಲ್ಲ ತಾತ, ಫೇಲಾದ್ರೆ ಮರ್ಯಾದೆ ಯಾರದು ಹೋಗುತ್ತೆ?" ಅಂತ ಕೇಳಿದಳು. ಇಬ್ಬರದೂ ಅಂದೆ.

ಎರಡು ಲಕ್ಷದ ವಿಷಯ. ಅದು ಎಲ್ಲರಿಗೂ ಗೊತ್ತಿರುವ ಅಂಕಿ. ಪೆನ್ಸಿಲ್ ಹಿಡಿದ ಅಧ್ಯಕ್ಷರಿಗೆ ಬೇರೆ ಕೆಲಸ ಇಲ್ಲ. 'ಲಕ್ಷಾಂತರ' ಅಂತ ಬರೆದುಬಿಡು. ಲಕ್ಷಾಂತರಕ್ಕೆ ಯಾರೂ ಆಧಾರ ಕೇಳುವುದಿಲ್ಲ.

ಅಪ್ಪ


ಫೆಬ್ರವರಿ 3

ಅಪ್ಪನಿಗೆ,

ಲಕ್ಷಾಂತರಕ್ಕೂ ಕೇಳಿದರು.

ನಾನು ಬಿಡದೆ ಕೇಳುತ್ತಿರುವುದಕ್ಕೆ ಅವರೊಬ್ಬರೇ ಕಾರಣ ಅಲ್ಲ. ಆ ಪಾಠದ ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಅದನ್ನೂ ನಾನೇ ಬರೆದದ್ದು: 'ಅಣುಬಾಂಬಿನ ಬಳಕೆಯನ್ನು ಸಮರ್ಥಿಸುವ ಮೂರು ಕಾರಣಗಳನ್ನು ಕೊಡಿ.' ಮೂರು ಅಂಕ. ಎಷ್ಟೋ ವರ್ಷ ಪರೀಕ್ಷೆಯಲ್ಲಿ ಬಂದಿದೆ. ಮಾದರಿ ಉತ್ತರ ಹೀಗೆ: ಯುದ್ಧ ಬೇಗ ಮುಗಿಯಿತು, ಎರಡು ಲಕ್ಷ ಜೀವ ಉಳಿಯಿತು, ಶತ್ರು ಬೇರೆ ರೀತಿಯಲ್ಲಿ ಶರಣಾಗುತ್ತಿರಲಿಲ್ಲ.

ಒಂದು ಸಲ ಮೌಲ್ಯಮಾಪನಕ್ಕೆ ಹೋಗಿದ್ದೆ. ಒಂದು ಉತ್ತರಪತ್ರಿಕೆಯಲ್ಲಿ ಹೀಗಿತ್ತು: 'ನನಗೆ ಒಂದು ಕಾರಣವೂ ಗೊತ್ತಿಲ್ಲ. ಆ ಊರಿನಲ್ಲಿ ನನ್ನ ಅಜ್ಜಿಯ ತಂಗಿ ಇದ್ದರು.' ಮಾದರಿ ಉತ್ತರದಲ್ಲಿ ಇಲ್ಲದ್ದಕ್ಕೆ ಅಂಕ ಕೊಡುವ ಹಾಗಿಲ್ಲ. ಸೊನ್ನೆ ಹಾಕಿದೆ. ಹಾಕಿದ್ದು ಮಾತ್ರವಲ್ಲ, ಪಕ್ಕದ ಮೇಜಿನವರಿಗೆ ತೋರಿಸಿದೆ. "ಜೋರಿದೆ ಕಣ್ರೀ ಹುಡುಗಿ. ಮುಖ್ಯಮಂತ್ರಿ ಆಗ್ತಾಳೆ ಬಿಡಿ" ಅಂದರು ಅವರು. ನಕ್ಕೆವು. ಆಮೇಲೆ ಚಹಾ ಬಂತು.

ಆ ಹುಡುಗಿಯ ಸೊನ್ನೆ ನಿಂತಿರುವುದು ಆ ಮೂರು ಕಾರಣಗಳ ಮೇಲೆ. ಅದರಲ್ಲಿ ಎರಡನೆಯದು ನಿಮ್ಮದು. ಎಲ್ಲಿಂದ ಬಂತು ಅಪ್ಪ?

ತಗಾದೆ


ಫೆಬ್ರವರಿ 21

ತಗಾದೆಗೆ,

ನಾನೇ ಕಟ್ಟಿದ್ದು.

ಬಾಂಬು ಬಿದ್ದ ನಾಲ್ಕನೆಯ ದಿನ ಮನೆಗೆ ಬಂದೆ. ಯುದ್ಧ ನಿಂತಿತ್ತು. ಸೈನ್ಯಕ್ಕೆ ಹೋಗಿದ್ದ ಮಗ ಬದುಕಿ ಬರುತ್ತಾನೆ ಅಂತ ನಿಮ್ಮಮ್ಮನಿಗೆ ಗೊತ್ತಾಗಿತ್ತು. ಕುಣಿಯುತ್ತಿರುತ್ತಾಳೆ ಅಂತ ಬಂದರೆ ಅಡುಗೆಮನೆಯ ಹೊಸ್ತಿಲ ಮೇಲೆ ಪೇಪರ್ ಹಿಡಿದು ಅಳುತ್ತ ಕೂತಿದ್ದಾಳೆ. ಪೇಪರಿನಲ್ಲಿ ಆ ಊರಿನ ಚಿತ್ರ. ನೀನು ಶಾಲೆಗೆ ಹೋಗಿದ್ದೆ.

"ಯಾಕೆ ಅಳ್ತೀಯ, ಇಲ್ಲದಿದ್ರೆ ಇನ್ನೂ ಒಂದು ಲಕ್ಷ ಜನ ಸಾಯ್ತಿದ್ರು" ಅಂದೆ.

"ಈ ಊರಲ್ಲಿ ಎಷ್ಟು ಜನ ಇದ್ರಂತೆ?" ಅಂದಳು.

"ತೊಂಬತ್ತು ಸಾವಿರ ಅಂತಾರೆ."

ಅವಳು ನನ್ನ ಮುಖ ನೋಡಿದಳು. ಅಳು ನಿಲ್ಲಲಿಲ್ಲ. ತೊಂಬತ್ತಕ್ಕೂ ಲಕ್ಷಕ್ಕೂ ಅಂತರ ಸಾಲದು ಅಂತ ನನಗೇ ಅನಿಸಿತು. "ಲಕ್ಷ ಅಲ್ಲ ಕಣೇ, ಎರಡು ಲಕ್ಷ. ಆಫೀಸಲ್ಲಿ ಹೇಳಿದ್ರು" ಅಂದೆ. ಆಗ ಎದ್ದು ಮುಖ ತೊಳೆದುಕೊಂಡು ಒಲೆ ಹಚ್ಚಿದಳು.

ಅವಳು ನಂಬಿದಳು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ಬರೆಯುತ್ತ ಇದ್ದರೆ ಅನುಮಾನ ಬರುತ್ತಿದೆ. ಕೇಳೋಣವೆಂದರೆ ಅವಳಿಲ್ಲ.

ಪುಸ್ತಕದಿಂದ ತೆಗೆದುಬಿಡು.

ಅಪ್ಪ


ಮಾರ್ಚ್ 6

ತಗಾದೆಗೆ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಅರ್ಧ ಹೇಳಿ ಕೂತರೆ ಊಟ ಸೇರುತ್ತಿಲ್ಲ.

ನಾವು ಮೋಡ ಹೇಗೆ ಅಳೆಯುತ್ತಿದ್ದೆವು ಅಂತ ನಿನಗೆ ಚಿಕ್ಕವಳಿದ್ದಾಗ ತೋರಿಸಿದ್ದೇನೆ. ಆಕಾಶವನ್ನು ಎಂಟು ಪಾಲು ಮಾಡಿಕೊಂಡು ಎಷ್ಟು ಪಾಲು ಮುಚ್ಚಿದೆ ಅಂತ ನೋಡುವುದು. ಅದಕ್ಕೆ ಯಂತ್ರ ಇಲ್ಲ, ಕಣ್ಣೇ ಗತಿ. ಹಾಗಾಗಿ ನಮ್ಮ ಗುಡ್ಡದ ಕೇಂದ್ರದಲ್ಲಿ ಒಂದು ನಿಯಮವಿತ್ತು. ಇಬ್ಬರು ವೀಕ್ಷಕರೂ ಇಡೀ ಆಕಾಶ ನೋಡಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತು, ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು. ಆಮೇಲೆ ಹೋಲಿಸಬೇಕು. ಅಂಕಿ ಬೇರೆಯಾದರೆ ದೊಡ್ಡದನ್ನು ಕಳಿಸಬೇಕು. ಅನುಮಾನ ಬಂದರೆ ಮೋಡದ ಪರ ಅಂತ ನಾವು ತಮಾಷೆ ಮಾಡುತ್ತಿದ್ದೆವು. ನನ್ನ ಜೊತೆಗಾರ ನಿನಗೆ ಗೊತ್ತು. ನೀವಿಬ್ಬರೂ ಅವನನ್ನು ಮೋಡದ ಮಾಮ ಅನ್ನುತ್ತಿದ್ದಿರಿ.

ಗಾಳಿ ನಮ್ಮ ಕಡೆಯಿಂದ ಅವರ ಕಡೆಗೆ ಬೀಸುತ್ತಿತ್ತು. ನಮ್ಮ ಇವತ್ತಿನ ಆಕಾಶವೇ ಆ ಊರಿನ ನಾಳೆಯ ಆಕಾಶ. ಆ ವಾರ ಸೈನ್ಯದ ಅಧಿಕಾರಿಯೊಬ್ಬರು ಗುಡ್ಡ ಹತ್ತಿ ಬಂದು ಹೇಳಿದರು: "ಮೂರು ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ತಿಳಿಸಿ. ನಾಲ್ಕು ಬಂದ್ರೆ ಮೂರು ದಿನ ಮುಂದಕ್ಕೆ." ಏನು ಕೆಲಸ ಅಂತ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಗೊತ್ತಿರಲಿಲ್ಲ ಅಂತ ಹೇಳಬಹುದು. ಅದು ನಿಜವೂ ಹೌದು. ಆದರೆ ಮೋಡವಿಲ್ಲದ ಊರು ಬೇಕು ಅನ್ನುವವರು ಹೂವು ಚೆಲ್ಲುವುದಕ್ಕೆ ಕೇಳುವುದಿಲ್ಲ.

ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. "ಇದು ಆದ್ರೆ ನಮ್ಮ ಹುಡುಗರು ನದಿ ದಾಟೋದು ತಪ್ಪುತ್ತೆ." ನಿನ್ನಣ್ಣ ಆಗ ನದಿಯ ದಡದಲ್ಲಿದ್ದ. ಇಪ್ಪತ್ತು ವರ್ಷ. ಎರಡು ದಿನದಲ್ಲಿ ದಾಟುತ್ತಾರೆ ಅಂತ ಎಲ್ಲರ ಬಾಯಲ್ಲೂ ಇತ್ತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾವಿಬ್ಬರೂ ಬೆನ್ನು ಹಾಕಿ ನಿಂತೆವು. ತೆಳು ಮೋಡವಿತ್ತು. ಅಂಥದ್ದನ್ನು ಒಬ್ಬ ಮೋಡ ಅನ್ನುತ್ತಾನೆ, ಇನ್ನೊಬ್ಬ ಮಂಜು ಅನ್ನುತ್ತಾನೆ. ಅವನ ಚೀಟಿಯಲ್ಲಿ ಐದು ಇತ್ತು. ನನ್ನದರಲ್ಲಿ ಮೂರು.

"ದೊಡ್ಡದು ಹೋಗ್ಬೇಕು" ಅಂದ ಅವನು.

"ನನ್ನ ಕಣ್ಣಿಗೆ ಮೂರು" ಅಂದೆ.

"ನಿಯಮ ನೀನೇ ನನಗೆ ಕಲಿಸಿದ್ದು ಮಾರಾಯ."

"ಹಿರಿಯ ವೀಕ್ಷಕ ಯಾರು, ನೀನೋ ನಾನೋ?"

ಅವನು ಸಹಿ ಹಾಕಲಿಲ್ಲ. ನಾನೊಬ್ಬನೇ ಹಾಕಿ ಕಳಿಸಿದೆ. ಯುದ್ಧದ ಗಡಿಬಿಡಿಯಲ್ಲಿ ಒಂದು ಸಹಿ ಕಡಿಮೆ ಇರುವುದನ್ನು ಯಾರೂ ನೋಡಲಿಲ್ಲ. ಮರುದಿನ ಆ ಊರಿನ ಮೇಲೆ ನಿಜವಾಗಿ ಎಷ್ಟು ಮೋಡ ಇತ್ತೋ ನನಗೆ ಗೊತ್ತಿಲ್ಲ. ವಿಮಾನಕ್ಕೆ ಊರು ಕಂಡಿತು.

ನಿನ್ನಣ್ಣನಿಗೆ ಇದು ಗೊತ್ತಿಲ್ಲ.

ಅಪ್ಪ


ಏಪ್ರಿಲ್ 14

ತಗಾದೆಗೆ,

ಐದು ವಾರವಾಯಿತು. ಅಂಚೆಯವನನ್ನು ಗೇಟಿನಲ್ಲೇ ಹಿಡಿಯುತ್ತೇನೆ. "ನಿಮ್ಮದಿಲ್ಲ ಅಜ್ಜ, ಕರೆಂಟ್ ಬಿಲ್ ಬೇಕಾದ್ರೆ ತಗೊಳ್ಳಿ" ಅನ್ನುತ್ತಾನೆ. ಬೈಯುವುದಾದರೂ ಬೈದು ಬರಿ.

ಅಪ್ಪ


ಮೇ 2

ಅಪ್ಪನಿಗೆ,

ಬೈಯುವುದಕ್ಕೆ ಕೂತರೆ ಪ್ರತಿ ಸಲವೂ ಮೊದಲ ಸಾಲಿಗೇ ಕೈ ನಿಂತುಹೋಯಿತು. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಕಾಗದ ಓದಿ ಮುಗಿಸಿದಾಗ ನನಗೆ ಬಂದ ಮೊದಲ ಯೋಚನೆ, ಸದ್ಯ, ಮೂರು ಬರೆದರಲ್ಲ ಅಂತ. ಆ ಊರು ಎರಡನೆಯದಾಗಿ ನೆನಪಾಯಿತು. ಹದಿನೈದು ವರ್ಷ ಮಕ್ಕಳಿಗೆ ಇತಿಹಾಸ ಬರೆದವಳ ಮನಸ್ಸು ಇಷ್ಟೇ.

ಇನ್ನೊಂದು ಹೇಳಬೇಕು. ಯುದ್ಧ ಮುಗಿದ ಮೇಲೆ ಮೋಡದ ಮಾಮ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ನಿಮಗೆ ಬಡ್ತಿ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚು ಅಂತ ಮನೆಯಲ್ಲಿ ಮಾತಿತ್ತು. ಅದನ್ನು ಯಾರು ಶುರು ಮಾಡಿದರು ಅಂತ ಈಗ ಕೇಳುವುದಿಲ್ಲ. ಕಾಲೇಜಿಗೆ ಹೋಗುವಾಗ ಒಂದು ದಿನ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. "ಏನಮ್ಮ ತಗಾದೆ, ಅಪ್ಪ ಹೇಗಿದಾರೆ?" ಅಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವರು ಮುಂದಿನ ನಿಲ್ದಾಣದಲ್ಲಿ ಇಳಿದರು. ಅದು ಅವರ ನಿಲ್ದಾಣ ಆಗಿರಲಿಲ್ಲ. ತೀರಿಕೊಂಡರು ಅಂತ ಕೇಳಿದಾಗಲೂ ನಾನು ಹೋಗಲಿಲ್ಲ.

ನೀವು ಅಂಕಿ ಬದಲಾಯಿಸಿದಿರಿ. ನಾನೂ ಒಂದು ಕೆಲಸ ಮಾಡಿದ್ದೇನೆ. ಪಾಠ ಬರೆಯುವಾಗ ಓದಿದ ಕಡತಗಳಲ್ಲಿ ಒಂದು ಸಂಗತಿ ಇತ್ತು. ಅವರ ಕಡೆಯ ಸಂಧಾನದ ದೂತ ಆ ವಾರ ಆಗಲೇ ಹೊರಟಿದ್ದ. ಅವನ ಚೀಲದಲ್ಲಿ ಇದ್ದದ್ದು ಶರಣಾಗತಿಯೋ ಮತ್ತೊಂದು ಷರತ್ತೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅವನು ಆ ಬೆಳಿಗ್ಗೆ ಅದೇ ಊರಿನಲ್ಲಿ ರೈಲು ಬದಲಾಯಿಸುತ್ತಿದ್ದ. 'ಒಂಬತ್ತನೇ ತರಗತಿಯ ಮಟ್ಟಕ್ಕೆ ಅನಗತ್ಯ' ಅಂತ ನನ್ನದೇ ಕೈಯಲ್ಲಿ ಅಂಚಿನಲ್ಲಿ ಬರೆದು ಬಿಟ್ಟುಬಿಟ್ಟೆ.

ಒಂದು ಊರನ್ನು ಸುಟ್ಟು ಯುದ್ಧ ಮುಗಿಸುವುದು ಸರಿಯೇ ಅಂದರೆ ಅಲ್ಲ ಅನ್ನುತ್ತೇನೆ. ಅಣ್ಣನನ್ನು ಆ ನದಿಗೆ ಇಳಿಸುತ್ತೀಯಾ ಅಂದರೆ ಬಾಯಿ ಕಟ್ಟುತ್ತದೆ. ಇವೆರಡೂ ಒಂದೇ ಪ್ರಶ್ನೆ ಅಂತ ನಾವು ನಂಬಿದೆವು. ಒಂದೇ ಅಲ್ಲ ಅಪ್ಪ. ನಡುವೆ ಮೂರು ದಿನ ಇತ್ತು. ರೈಲಿನಲ್ಲಿ ಒಬ್ಬ ಮನುಷ್ಯ ಇದ್ದ. ಆ ಮೂರು ದಿನದಲ್ಲಿ ಏನೂ ಆಗದೆ ಅಣ್ಣ ನದಿಗೆ ಇಳಿದು ಸಾಯುತ್ತಿದ್ದನೋ ಏನೋ. ಅದನ್ನು ಅಲ್ಲ ಅನ್ನುವ ಧೈರ್ಯವೂ ನನಗಿಲ್ಲ.

ಅಣ್ಣನಿಗೆ ಹೇಳಿ. ನನ್ನ ಬಾಯಿಂದ ಅವನು ಕೇಳಬಾರದು.

ತಗಾದೆ


ಜೂನ್ 5

ತಗಾದೆ ತಂಗಿಗೆ,

ನಾನು ಕಾಗದ ಬರೆದು ಎಷ್ಟು ವರ್ಷ ಆಯಿತೋ. ಅಂಗಡಿಯಲ್ಲಿ ಕೂತು ರಸೀದಿ ಪುಸ್ತಕದ ಹಿಂದೆ ಬರೆಯುತ್ತಿದ್ದೇನೆ. ಗ್ರೀಸ್ ಕಲೆ ಇದ್ದರೆ ಅದು ನನ್ನ ಸಹಿ ಅಂದುಕೋ.

ಅಪ್ಪ ಹೇಳಿದರು. ಭಾನುವಾರ ಬೆಳಿಗ್ಗೆ ಮೇಲಿನ ನೀರಿನ ಟ್ಯಾಂಕ್ ತೊಳೆಯುತ್ತಿದ್ದೆ. ಮೆಟ್ಟಿಲು ಹತ್ತಿ ಬಂದರು. ಎಂಬತ್ತು ವರ್ಷದ ಮನುಷ್ಯ, ಕೈಯಲ್ಲಿ ಕೋಲು ಬೇರೆ. "ಇಳೀರಿ ಮೊದಲು" ಅಂದೆ. "ಹೇಳಿ ಇಳೀತೀನಿ" ಅಂದರು. ಕಿವಿ ಕೇಳದವರು ಗುಟ್ಟು ಹೇಳಿದರೆ ಹೇಗಿರುತ್ತದೆ ಗೊತ್ತಲ್ಲ, ಎದುರುಮನೆಯಾಕೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡಿದಳು.

ನಾನು ಏನು ಹೇಳಲಿ ಹೇಳು. ಮೂವತ್ತೊಂದು ವರ್ಷದಿಂದ ಬಾಂಬಿನ ಮಾತು ಬಂದಾಗಲೆಲ್ಲ ಜನ ನನ್ನ ಕಡೆ ತಿರುಗುತ್ತಾರೆ. "ನೋಡಿ, ಇವನೇ ಇದಾನಲ್ಲ, ಉಳಿದು ಬಂದ" ಅಂತ. ಮದುವೆ ಮನೆಯಲ್ಲೂ ಇದೇ. ನನ್ನನ್ನು ಸಾಕ್ಷಿ ಮಾಡಿಟ್ಟುಬಿಟ್ಟರು. ಏನು ಹೇಳುತ್ತೀಯಪ್ಪ ಅಂತ ಸಾಕ್ಷಿಯನ್ನು ಯಾರೂ ಕೇಳಲಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಬಾಂಬು ಬಿದ್ದು ಹನ್ನೆರಡು ದಿನ ಆದ ಮೇಲೆ ನಮ್ಮ ತುಕಡಿಯನ್ನು ಆ ಊರಿಗೆ ಕಳಿಸಿದರು. ನನಗೆ ನೀರಿನ ಲಾರಿ. ಒಂದು ಬೀದಿಯಲ್ಲಿ ಮನೆಯೇ ಇಲ್ಲ, ಒಂದು ಹೊಲಿಗೆ ಯಂತ್ರ ಮಾತ್ರ ನೆಟ್ಟಗೆ ನಿಂತಿತ್ತು. ನಾನು ಪೆಡಲ್ ತುಳಿದು ನೋಡಿದೆ. ಮೆಷಿನ್ ಕಂಡರೆ ಕೈಕಾಲು ಸುಮ್ಮನಿರುವುದಿಲ್ಲವಲ್ಲ ನನಗೆ. ಚಕ್ರ ತಿರುಗಿತು. ಹಿಂದೆ ಒಬ್ಬ ಹೆಂಗಸು ಬಕೆಟ್ ಹಿಡಿದು ನಿಂತಿದ್ದಳು. ಅವಳದೇ ಅಂತ ಕಾಣುತ್ತದೆ. ಅವಳಿಗೆ ನೀರು ಹಾಕಿದೆ, ತೆಗೆದುಕೊಂಡು ಹೋದಳು. ಅಷ್ಟೇ. ಅದನ್ನು ತುಳಿದದ್ದಕ್ಕೆ ಇವತ್ತಿಗೂ ನಾಚಿಕೆ. ಮನೆಯಲ್ಲಿ ಹೇಳಲಿಲ್ಲ. ಅಪ್ಪ ಎರಡು ಲಕ್ಷ ಅಂತ ಅಷ್ಟು ನೆಮ್ಮದಿಯಾಗಿ ಹೇಳಿಕೊಂಡು ಬಡಿಸುತ್ತಿದ್ದರು, ಅವರ ನೆಮ್ಮದಿ ಯಾಕೆ ಕೆಡಿಸಲಿ ಅಂತ ತಿನ್ನುತ್ತಿದ್ದೆ.

ಅವತ್ತು ಟ್ಯಾಂಕ್ ಪಕ್ಕ ಅಪ್ಪ ಕೈಮುಗಿದುಬಿಟ್ಟರು. ನನಗೆ! "ನನ್ನ ಕಣ್ಣಿಗೆ ಮೂರು ಕಂಡಿತು ಕಣೋ" ಅಂದರು. ಕೈ ಹಿಡಿದು ಇಳಿಸಿದೆ. "ಕಣ್ಣು ತಪ್ಪೋದು ಯಾರಿಗಿಲ್ಲ ಅಪ್ಪ. ನೀವು ಕಂಡದ್ದನ್ನ ಬರೆದ್ರಿ. ಬಾಂಬು ಹಾಕಿದೋರು ಬೇರೆ" ಅಂದೆ. ಮನಸ್ಸಿನಿಂದಲೇ ಅಂದೆ. ಆವತ್ತಿನಿಂದ ಅವರು ಚೆನ್ನಾಗಿ ಊಟ ಮಾಡುತ್ತಿದ್ದಾರೆ. ಇನ್ನು ಕೆದಕಬೇಡ.

ಅಣ್ಣ


ಜೂನ್ 26

ಅಪ್ಪನಿಗೆ,

ಅಣ್ಣ ಬರೆದಿದ್ದ. ಅವನು ನಿಮಗೆ ಹೇಳಿದ ಮಾತನ್ನು ಹೇಳಲು ನನಗೆ ಇನ್ನೂ ಆಗುತ್ತಿಲ್ಲ. ಅವನು ನನಗಿಂತ ದೊಡ್ಡ ಮನುಷ್ಯ.

ಎರಡು ಲಕ್ಷದ ವಾಕ್ಯ ತೆಗೆದಿದ್ದೇನೆ. ಮೂರು ಕಾರಣದ ಪ್ರಶ್ನೆಯನ್ನೂ ತೆಗೆದಿದ್ದೇನೆ. ಸಮಿತಿಯಲ್ಲಿ ಗಲಾಟೆಯಾಯಿತು. "ಮೇಡಂ, ಹಾಗಾದ್ರೆ ಮಕ್ಕಳು ಏನು ಬರೀಬೇಕು?" ಅಂದರು ಒಬ್ಬರು. "ಅವರಿಗೆ ಅನಿಸಿದ್ದು" ಅಂದೆ. "ಅನಿಸಿದ್ದಕ್ಕೆಲ್ಲ ಮಾರ್ಕ್ಸ್ ಕೊಡೋದಾದ್ರೆ ನಾವು ಯಾಕಿರೋದು?" ಅಂದರು. ಆ ಸೊನ್ನೆ ಪಡೆದ ಹುಡುಗಿಯನ್ನು ಹುಡುಕಲು ಹೋದೆ. ಉತ್ತರಪತ್ರಿಕೆಗಳನ್ನು ಎರಡು ವರ್ಷಕ್ಕೇ ಸುಟ್ಟುಬಿಡುತ್ತಾರಂತೆ. ನೋಂದಣಿ ಸಂಖ್ಯೆ ಕೂಡ ನನಗೆ ನೆನಪಿಲ್ಲ.

ದೂತನ ಸಂಗತಿ ಸೇರಿಸಿದ್ದೇನೆ. ಅದರ ಜೊತೆ ಈ ಸಾಲುಗಳನ್ನೂ. ನಿಮ್ಮ ಒಪ್ಪಿಗೆ ಇಲ್ಲದೆ ಅಚ್ಚಿಗೆ ಕೊಡುವುದಿಲ್ಲ.

'ಹಿಂದಿನ ದಿನ ಬೆಳಿಗ್ಗೆ ಗಡಿಯ ಕೇಂದ್ರದಲ್ಲಿ ಇಬ್ಬರು ವೀಕ್ಷಕರು ಮೋಡ ಅಳೆದರು. ತೆಳು ಮೋಡವಿತ್ತು. ಒಬ್ಬರ ಕಣ್ಣಿಗೆ ಐದು ಪಾಲು ಕಂಡಿತು, ಹಿರಿಯ ವೀಕ್ಷಕರ ಕಣ್ಣಿಗೆ ಮೂರು. ದೊಡ್ಡ ಅಂಕಿಯನ್ನು ಕಳಿಸಬೇಕೆಂಬ ನಿಯಮವಿದ್ದರೂ ಮೂರು ಎಂದು ಕಳಿಸಲಾಯಿತು. ಐದು ಎಂದು ಹೋಗಿದ್ದರೆ ದಾಳಿ ಮೂರು ದಿನ ಮುಂದೆ ಹೋಗುತ್ತಿತ್ತು. ಆ ಮೂರು ದಿನದಲ್ಲಿ ಏನಾಗುತ್ತಿತ್ತು ಎಂಬುದು ಯಾರಿಗೂ ಗೊತ್ತಿಲ್ಲ.'

ಏನಾದರೂ ತಪ್ಪಿದ್ದರೆ ತಿದ್ದಿ.

ತಗಾದೆ


ಜುಲೈ 8

ತಗಾದೆಗೆ,

ನಿನ್ನ ಸಾಲುಗಳನ್ನು ನಾಲ್ಕು ಸಲ ಓದಿದೆ. ಭಾಷೆ ಚೆನ್ನಾಗಿದೆ. ತಿದ್ದುಪಡಿ ಎರಡು.

ತೆಳು ಮೋಡ ಇರಲಿಲ್ಲ. ಅಂಚು ಕೊರೆದ ಹಾಗೆ ಸ್ಪಷ್ಟವಾಗಿದ್ದ ದಪ್ಪ ಬಿಳಿ ಮೋಡ. ಮೊದಲ ವರ್ಷ ಕೆಲಸಕ್ಕೆ ಸೇರಿದವನೂ ಅದನ್ನು ತಪ್ಪು ಅಳೆಯುವುದಿಲ್ಲ.

ಇನ್ನೊಂದು, 'ಹಿರಿಯ ವೀಕ್ಷಕರ ಕಣ್ಣಿಗೆ ಮೂರು' ಎಂಬುದು. ಅದನ್ನು ಹೊಡೆದುಹಾಕು. ನನ್ನ ಕಣ್ಣಿಗೂ ಐದೇ ಕಂಡಿತ್ತು. ಚೀಟಿಯಲ್ಲಿ ಐದು ಬರೆಯಲು ಪೆನ್ನು ಊರಿದ್ದೆ. ಮೂರು ಬರೆದೆ. ನನ್ನ ಜೊತೆಗಾರನಿಗೆ ಅದು ಗೊತ್ತಿತ್ತು, ಇಬ್ಬರೂ ನೋಡಿದ್ದು ಒಂದೇ ಆಕಾಶ. ಅವನು ನನ್ನ ಮನೆಗೆ ಬರದೆ ಹೋದದ್ದು ಅದಕ್ಕೇ. ಹೊಟ್ಟೆಕಿಚ್ಚು ಅಂತ ನಿಮ್ಮಮ್ಮನಿಗೆ ಹೇಳಿದವನು ನಾನು.

ಇವತ್ತು ಮತ್ತೆ ಅದೇ ಬೆಳಿಗ್ಗೆ ಬಂದರೆ ಐದು ಬರೆಯುತ್ತೇನೆ ಅಂತ ಹೇಳುವ ಶಕ್ತಿ ನನಗಿಲ್ಲ. ಮಗನನ್ನು ದಡದಲ್ಲಿ ನಿಲ್ಲಿಸಿಕೊಂಡವನನ್ನು, ಇದು ಸರಿಯೋ ತಪ್ಪೋ ಅಂತ ಕೇಳಬಾರದು. ಅವನ ಕೈಗೆ ಆ ಚೀಟಿಯನ್ನು ಕೊಡಲೂಬಾರದು. ಇಷ್ಟು ಮಾತ್ರ ನನಗೆ ಖಂಡಿತವಾಗಿ ಗೊತ್ತು.

ನಿನ್ನಣ್ಣ ಟ್ಯಾಂಕ್ ಪಕ್ಕ ನಿಂತು ಕ್ಷಮಿಸಿದ್ದು ಕಣ್ಣು ತಪ್ಪಿದ ಮುದುಕನನ್ನು. ಆ ಮುದುಕ ನಾನಲ್ಲ. ಒಂದು ತಿಂಗಳಿಂದ ಅವನ ಪಾಲಿನ ಅನ್ನ ನಾನು ಉಣ್ಣುತ್ತಿದ್ದೇನೆ.

ನಿನ್ನಣ್ಣ ಅಂಗಡಿ ಮುಚ್ಚಿ ಮಧ್ಯಾಹ್ನದ ಊಟಕ್ಕೆ ಬರುವ ಹೊತ್ತಾಯಿತು. ತಟ್ಟೆ ಹಾಕುವ ಮೊದಲೇ ಹೇಳುತ್ತೇನೆ.

ಅಪ್ಪ